ಮೊಳಕೆಯಲ್ಲಿ ಕಾಣದ ಸಿರಿ



‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಮೂರು ದಶಕಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು ‘ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಬಂದ ಉತ್ತರಗಳನ್ನು ಎಷ್ಟು ಸಾವಿರ ಓದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಎಲ್ಲವೂ ಒಂದೇ ಅಚ್ಚಿನವು. ಮಹಾಪುರುಷರು ಬಾಲ್ಯದಲ್ಲಿಯೇ ಮಹಾಪುರುಷರಾಗಿದ್ದರು ಎಂಬುದಕ್ಕೆ ಎರಡು ನಿದರ್ಶನ, ಕೊನೆಗೊಂದು ಉಪದೇಶ. ಶಿರಾ ಸೀಮೆಯ ಒಬ್ಬ ಹುಡುಗ ಮಾತ್ರ, ಪಿ.ಯು.ಸಿ. ತರಗತಿಯ ಕಿರುಪರೀಕ್ಷೆಯೊಂದರಲ್ಲಿ, ಎರಡೇ ಸಾಲು ಬರೆದಿದ್ದ: ‘ಈ ಗಾದೆ ರಾಗಿಗೆ ಸರಿ. ಕಡಲೆಕಾಯಿಗಾದರೆ ಅಗೆದೇ ನೋಡಬೇಕು.’ ಐದಕ್ಕೆ ಐದು ಅಂಕ ಕೊಟ್ಟೆ. ಕಡಲೆಕಾಯಿಯ ಹೂವು ಮೇಲೆ ಅರಳುತ್ತದೆ. ಅರಳಿ ಬಾಡಿದ ಮೇಲೆ ಅದರ ಬುಡದಿಂದೊಂದು ಎಳೆ ಇಳಿದು ಮಣ್ಣನ್ನು ಹೊಕ್ಕು, ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಮೇಲಿನ ಹಸಿರು ನೋಡಿ ಇಳುವರಿ ಹೇಳುವ ರೈತನನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ.

ಆಟದ ಬಯಲಿನಲ್ಲಿ ತಡವಾಗಿ ಅರಳುವ ಮಕ್ಕಳನ್ನು ಕುರಿತು, ಅವರ ವಿಷಯದಲ್ಲಿ ಹಿರಿಯರಾದ ನಮಗೆ ಇರಬೇಕಾದ ತಾಳ್ಮೆಯನ್ನು ಕುರಿತು, ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಮೇಷ್ಟ್ರಿಗೆ ಆಟದ ಉಸಾಬರಿ ಏಕೆಂದು ನೀವು ಕೇಳಬಹುದು. ನಮ್ಮ ಕಾಲೇಜುಗಳ ರೀತಿಯನ್ನು ಬಲ್ಲವರು ಕೇಳಲಾರರು. ಭೌತಶಾಸ್ತ್ರದವರಿಗೆ ಪ್ರಯೋಗಾಲಯವಿರುತ್ತದೆ, ವಾಣಿಜ್ಯದವರಿಗೆ ಮನೆಪಾಠವಿರುತ್ತದೆ. ಸಂಜೆ ಬಿಡುವಾಗಿರುವ ಪ್ರಾಣಿಯೆಂದರೆ ಕನ್ನಡ ಅಧ್ಯಾಪಕ. ಆದ್ದರಿಂದ ಕ್ರೀಡಾಸಮಿತಿಯ ಅಧ್ಯಕ್ಷಗಿರಿ ಅವನ ಕೊರಳಿಗೆ ಬೀಳುತ್ತದೆ. ನನ್ನ ಕೊರಳಿಗೂ ಬಿತ್ತು. ಬಹಳ ವರ್ಷ ಇತ್ತು. ಆ ನೆಪದಿಂದ ಬಯಲಿನ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ಕಂಡದ್ದು, ಅನಂತರ ಅದರ ಕಾರಣ ಹುಡುಕುತ್ತ ಓದಿದ್ದು, ಎರಡೂ ಈ ಮಾತುಗಳಲ್ಲಿ ಬೆರೆತಿವೆ.

ಶಿರಾ ತಾಲ್ಲೂಕಿಗೆ ಐದು ಹೋಬಳಿ: ಕಸಬಾ, ಕಳ್ಳಂಬೆಳ್ಳ, ಬುಕ್ಕಾಪಟ್ಟಣ, ಗೌಡಗೆರೆ, ಹುಲಿಕುಂಟೆ. ಮಳೆಗಿಂತ ಗಾಳಿಯೇ ಹೆಚ್ಚಾಗಿರುವ ಆಷಾಢ-ಶ್ರಾವಣಗಳಲ್ಲಿ ಶಾಲೆಗಳ ಹೋಬಳಿ ಮಟ್ಟದ ಕ್ರೀಡಾಕೂಟಗಳು ನಡೆಯುತ್ತವೆ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ, ಅಲ್ಲಿಂದ ಮುಂದೆ ವಿಭಾಗಕ್ಕೆ, ರಾಜ್ಯಕ್ಕೆ. ಏಣಿ ಚೆನ್ನಾಗಿಯೇ ಇದೆ. ಆದರೆ ಅದರ ಮೊದಲ ಮೆಟ್ಟಿಲನ್ನು ನೋಡಿ. ಹೋಬಳಿಯ ಕೂಟ ನಾಳೆ ಎನ್ನುವಾಗ ಪಿ.ಟಿ. ಮೇಷ್ಟ್ರು ಇಂದು ಮಧ್ಯಾಹ್ನ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಹದಿಮೂರು ವರ್ಷದ ನಲವತ್ತು ಹುಡುಗರು. ತಂಡಕ್ಕೆ ಬೇಕಾದವರು ಹನ್ನೆರಡು ಮಂದಿ. ಯಾರ ಕೈ ಬಲೆಯ ಮೇಲಕ್ಕೆ ಹೋಗುತ್ತದೆಯೋ, ಯಾರು ಕಬಡ್ಡಿಯಲ್ಲಿ ಇಬ್ಬರನ್ನು ಎಳೆದುಕೊಂಡು ಬರುತ್ತಾರೆಯೋ ಅವರನ್ನು ಆರಿಸುತ್ತಾರೆ. ಆ ಮೇಷ್ಟ್ರನ್ನು ದೂರಲಾರೆ. ಅವರ ಕೈಯಲ್ಲಿರುವುದು ಒಂದು ಮಧ್ಯಾಹ್ನ, ಒಂದು ಸೀಟಿ, ಒಂದು ಚೆಂಡು. ಆದರೆ ಆ ಮಧ್ಯಾಹ್ನದ ತೀರ್ಪು ಅಂದಿಗೇ ಮುಗಿಯುವುದಿಲ್ಲ. ಆಯ್ಕೆಯಾದ ಹನ್ನೆರಡು ಮಂದಿಗೆ ಬಸ್ಸಿನ ಖರ್ಚು, ಬನಿಯನ್ನು, ಬೇರೆ ಊರಿನ ಆಟ ನೋಡುವ ಅವಕಾಶ. ಮರುವರ್ಷ ‘ಹಳೆಯ ಆಟಗಾರ’ ಎಂಬ ಗೌರವ. ಉಳಿದ ಇಪ್ಪತ್ತೆಂಟು ಮಂದಿಗೆ ಚಪ್ಪಾಳೆ ತಟ್ಟುವ ಕೆಲಸ. ಎರಡು ವರ್ಷ ಹೀಗೆ ಕಳೆದರೆ ಆಯ್ಕೆಯಾದವನು ನಿಜಕ್ಕೂ ಉತ್ತಮ ಆಟಗಾರನಾಗಿರುತ್ತಾನೆ. ಆಗ ನಾವು ‘ನೋಡಿದಿರಾ, ಮೊಳಕೆಯಲ್ಲೇ ಕಂಡಿತ್ತು’ ಎನ್ನುತ್ತೇವೆ. ಮೊಳಕೆಯಲ್ಲಿ ಕಂಡದ್ದಲ್ಲ ಅದು. ನೀರು ಹಾಯಿಸಿದ್ದು ಒಂದೇ ಪಾತಿಗೆ.

ಹದಿಮೂರು ವರ್ಷದ ಮಗುವಿನ ಮೈಯಲ್ಲಿ ಏನು ನಡೆಯುತ್ತಿರುತ್ತದೆ ಎಂಬುದನ್ನು ತುಸು ವಿಚಾರ ಮಾಡೋಣ. ಫ್ರಾನ್ಸ್ ದೇಶದಲ್ಲಿ ಮಾಂಟ್‌ಬೆಯಾರ್ ಎಂಬ ಶ್ರೀಮಂತನೊಬ್ಬನು ತನ್ನ ಮಗನ ಎತ್ತರವನ್ನು ಹುಟ್ಟಿನಿಂದ ಹದಿನೆಂಟು ವರ್ಷದವರೆಗೆ, ಹೆಚ್ಚುಕಡಿಮೆ ಆರಾರು ತಿಂಗಳಿಗೊಮ್ಮೆ, ಅಳೆದು ಬರೆದಿಟ್ಟನು. ಇದು 1759ರಿಂದ 1777ರವರೆಗಿನ ಮಾತು. ಅವನ ಗೆಳೆಯ, ಪ್ರಕೃತಿವಿಜ್ಞಾನಿ ಬುಫೋನ್, ಆ ಲೆಕ್ಕವನ್ನು ತನ್ನ ಗ್ರಂಥದಲ್ಲಿ ಸೇರಿಸಿ ಪ್ರಕಟಿಸಿದ್ದರಿಂದ ಅದು ಇಂದಿಗೂ ಉಳಿದಿದೆ. ನಮ್ಮ ಮನೆಗಳಲ್ಲಿಯೂ ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದೆವು. ಆದರೆ ನಾವು ದೀಪಾವಳಿಗೆ ಸುಣ್ಣ ಹೊಡೆದುಬಿಡುತ್ತಿದ್ದೆವು, ಅವನು ಪುಸ್ತಕದಲ್ಲಿಟ್ಟನು. ಆ ಲೆಕ್ಕ ತೋರಿಸಿದ್ದೇನೆಂದರೆ ಮಗು ವರ್ಷಕ್ಕೆ ಇಷ್ಟು ಎಂದು ಸಮನಾಗಿ ಬೆಳೆಯುವುದಿಲ್ಲ. ಬೆಳವಣಿಗೆಯ ವೇಗ ಬಾಲ್ಯದುದ್ದಕ್ಕೂ ಇಳಿಯುತ್ತ ಬಂದು, ಹರೆಯದಲ್ಲಿ ಒಮ್ಮೆಲೆ ಹೊಳೆಯ ಹಾಗೆ ಉಕ್ಕಿ, ಮತ್ತೆ ಇಳಿದು ನಿಲ್ಲುತ್ತದೆ.

ಈ ಉಕ್ಕು ಹುಡುಗರಲ್ಲಿ ಸಾಮಾನ್ಯವಾಗಿ ಹದಿನಾಲ್ಕರ ಸುಮಾರಿಗೆ, ಹುಡುಗಿಯರಲ್ಲಿ ಅದಕ್ಕೆ ಎರಡು ವರ್ಷ ಮುಂಚೆ ಬರುತ್ತದೆ. ಉಕ್ಕಿನ ವರ್ಷದಲ್ಲಿ ಹುಡುಗನೊಬ್ಬ ಒಂಬತ್ತು-ಹತ್ತು ಸೆಂಟಿಮೀಟರ್ ಬೆಳೆಯುವುದುಂಟು. ಸ್ನಾಯುಗಳ ಬಲ ತುಂಬುವುದು ಅದಾದ ಕೆಲವು ತಿಂಗಳ ಮೇಲೆ. ಆದರೆ ಇದೆಲ್ಲ ಸರಾಸರಿಯ ಮಾತು. ಒಬ್ಬನಿಗೆ ಹನ್ನೆರಡಕ್ಕೇ ಬರಬಹುದು, ಇನ್ನೊಬ್ಬನಿಗೆ ಹದಿನಾರಕ್ಕೆ. ಇಬ್ಬರೂ ಆರೋಗ್ಯವಂತರೇ, ಕೊನೆಗೆ ಇಬ್ಬರೂ ಒಂದೇ ಎತ್ತರಕ್ಕೆ ನಿಲ್ಲಬಹುದು. ಇಂಗ್ಲೆಂಡಿನ ಜೇಮ್ಸ್ ಟ್ಯಾನರ್ ಎಂಬ ವೈದ್ಯರು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇದನ್ನೇ ಜೀವಮಾನದ ಅಧ್ಯಯನವನ್ನಾಗಿ ಮಾಡಿಕೊಂಡರು. ಮಗುವಿನ ನಿಜವಾದ ವಯಸ್ಸು ಹುಟ್ಟಿದ ತಾರೀಖಿನಲ್ಲಿಲ್ಲ, ಅದರ ಮೂಳೆ ಎಷ್ಟು ಬಲಿತಿದೆ ಎಂಬುದರಲ್ಲಿದೆ ಎಂಬುದು ಅವರಂಥವರು ಗಟ್ಟಿಯಾಗಿ ಸ್ಥಾಪಿಸಿದ ವಿಚಾರ. ಕಾಗದದ ಮೇಲೆ ಹದಿಮೂರೇ ಆದ ಇಬ್ಬರು ಹುಡುಗರ ನಡುವೆ ಮೂಳೆಯ ಲೆಕ್ಕದಲ್ಲಿ ನಾಲ್ಕು ವರ್ಷದ ಅಂತರವಿರುವುದು ಅಪರೂಪವೇನಲ್ಲ. ಅಂದ ಮೇಲೆ ಆ ಮಧ್ಯಾಹ್ನದ ಸಾಲಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಆರಿಸುತ್ತಿರುವುದು ಆಟಗಾರರನ್ನಲ್ಲ, ಬೇಗ ಹರೆಯಕ್ಕೆ ಬಂದವರನ್ನು.

ಇದಕ್ಕೆ ಕಚೇರಿಯ ಪಂಚಾಂಗವೂ ಕೈಜೋಡಿಸುತ್ತದೆ. ಕೆನಡಾ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಡುತ್ತಾರೆ. ಅಲ್ಲಿ ಮಕ್ಕಳ ವಯೋಮಿತಿಯ ಲೆಕ್ಕ ಜನವರಿ 1ರಿಂದ. ಅಲ್ಲಿನ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲೀ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸೋಜಿಗ ಕಂಡಿತು. ಮೇಲ್ಮಟ್ಟದ ಆಟಗಾರರಲ್ಲಿ ಜನವರಿ, ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಹುಟ್ಟಿದವರೇ ಎದ್ದು ಕಾಣುವಷ್ಟು ಹೆಚ್ಚು; ವರ್ಷದ ಕೊನೆಗೆ ಹುಟ್ಟಿದವರು ವಿರಳ. ಜಾತಕ ನಂಬುವವರಿಗೆ ಸಂತೋಷವಾದೀತು, ಆದರೆ ಇಲ್ಲಿ ಗ್ರಹಗಳ ಪಾತ್ರವೇನೂ ಇಲ್ಲ. ಒಂದೇ ಗುಂಪಿಗೆ ಸೇರಿದ ಜನವರಿಯ ಹುಡುಗ ಡಿಸೆಂಬರಿನ ಹುಡುಗನಿಗಿಂತ ಹನ್ನೊಂದು ತಿಂಗಳು ದೊಡ್ಡವನು. ಎಂಟೊಂಬತ್ತು ವರ್ಷದಲ್ಲಿ ಹನ್ನೊಂದು ತಿಂಗಳೆಂದರೆ ದೊಡ್ಡ ಮಾತು.

ನಮ್ಮಲ್ಲಿ ಈ ವಿಚಾರ ಇನ್ನೂ ಜಟಿಲ. ತುಸು ಹಾಸ್ಯಾಸ್ಪದವೂ ಹೌದು. ನನ್ನ ಪೀಳಿಗೆಯ ಎಷ್ಟೋ ಮಂದಿ ದಾಖಲೆಯ ಪ್ರಕಾರ ಜೂನ್ ತಿಂಗಳಿನಲ್ಲಿಯೇ ಹುಟ್ಟಿದವರು. ಹಳ್ಳಿಯ ತಾಯಿ ಮಗುವನ್ನು ಶಾಲೆಗೆ ಕರೆತಂದು ‘ದೊಡ್ಡ ಬರ ಬಂತಲ್ಲ ಸ್ವಾಮಿ, ಅದರ ಹಿಂದಿನ ಯುಗಾದಿಗೆ ಹುಟ್ಟಿದ್ದು’ ಎಂದರೆ, ಹೆಡ್‌ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಕಿವಿ ಮುಟ್ಟಿಸಿ, ಮುಟ್ಟಿದರೆ ಆರು ವರ್ಷವೆಂದು ತೀರ್ಮಾನಿಸಿ, ಶಾಲೆ ತೆರೆಯುವ ತಿಂಗಳಿನ ಯಾವುದಾದರೊಂದು ತಾರೀಖು ಬರೆದುಕೊಳ್ಳುತ್ತಿದ್ದರು. ನಗುವಂಥದೇನೋ ನಿಜ. ಆದರೆ ಯೋಚಿಸಿದರೆ ಆ ಕಿವಿ ಮುಟ್ಟುವ ಪರೀಕ್ಷೆಯೂ ಮೈಯ ಬೆಳವಣಿಗೆಯಿಂದ ವಯಸ್ಸನ್ನು ಅಳೆಯುವ ಪ್ರಯತ್ನವೇ ಆಗಿತ್ತು. ಬೆಳವಣಿಗೆ ನಿಧಾನವಾದ ಮಗು ಕಿವಿ ಮುಟ್ಟಲಾರದೆ ಇನ್ನೊಂದು ವರ್ಷ ಮನೆಯಲ್ಲಿ ಆಡಿಕೊಂಡಿರುತ್ತಿತ್ತು. ಅದಕ್ಕೆ ಅದರಿಂದ ನಷ್ಟವೇನೂ ಆಗುತ್ತಿರಲಿಲ್ಲ.

ಇನ್ನು ನಮ್ಮ ನಾಡಿನ ಒಬ್ಬ ಆಟಗಾರರ ವಿಷಯಕ್ಕೆ ಬರುತ್ತೇನೆ. ಗುಂಡಪ್ಪ ವಿಶ್ವನಾಥ್ ಅವರು ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ. ಐದು ಅಡಿಯ ಮೇಲೆ ಕೆಲವೇ ಅಂಗುಲಗಳ ಮನುಷ್ಯ. 1967-68ರ ಋತುವಿನಲ್ಲಿ ಅಂದಿನ ಮೈಸೂರು ರಾಜ್ಯದ ಪರವಾಗಿ ಆಂಧ್ರದ ಎದುರು ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ 230 ಓಟ ಗಳಿಸಿದರು. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್. ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ವಿಶ್ವನಾಥರನ್ನು ತಡವಾಗಿ ಅರಳಿದವರೆಂದು ನಾನು ಕರೆಯುವುದಿಲ್ಲ. ಇಪ್ಪತ್ತಕ್ಕೇ ಭಾರತದ ಪರ ಶತಕ ಹೊಡೆದವರನ್ನು ಹಾಗೆನ್ನುವುದು ಅನ್ಯಾಯ. ಅವರ ಹೆಸರು ಹೇಳಿದ್ದು ಬೇರೆ ಕಾರಣಕ್ಕೆ. ಅಂಗುಲಪಟ್ಟಿ ಹಿಡಿದು ಕುಳಿತವನ ಮುಂದೆ ಅವರು ಹಾದುಹೋಗಿದ್ದರೆ ಏನಾಗುತ್ತಿತ್ತು? ಅವರ ಬಲವೆಲ್ಲ ಮಣಿಕಟ್ಟಿನಲ್ಲಿತ್ತು, ಕಣ್ಣಿನಲ್ಲಿತ್ತು. 1975ರ ಜನವರಿಯಲ್ಲಿ ಮದರಾಸಿನಲ್ಲಿ ಆ್ಯಂಡಿ ರಾಬರ್ಟ್ಸ್‌ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಉರುಳಿಸಿದಾಗ, ಅದರಲ್ಲಿ ಔಟಾಗದೆ ಗಳಿಸಿದ 97 ಇವರದು. ಆ ಆಟವನ್ನು ರೇಡಿಯೋದಲ್ಲಿ ಕೇಳಿದವರು ಇನ್ನೂ ಅದರ ಮಾತಾಡುತ್ತಾರೆ. ಚೌಕ ಹೊಡೆತವೊಂದನ್ನು ಕಿವಿಯಿಂದ ಕಂಡ ತಲೆಮಾರು ನಮ್ಮದು.

ನಿಜವಾಗಿ ತಡವಾಗಿ ಬಂದವರೂ ಇದ್ದಾರೆ. ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು. ಕರ್ನಾಟಕದ ಪರ ಮೊದಲ ಪಂದ್ಯ ಆಡಿ, ಹೈದರಾಬಾದಿನ ಎದುರು ಹ್ಯಾಟ್ರಿಕ್ ಪಡೆದಾಗ ಇಪ್ಪತ್ತು ತುಂಬಿತ್ತು. 1991ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಆಡಿದ ಮೇಲೂ ಸ್ವದೇಶದ ನೆಲದಲ್ಲಿ ಟೆಸ್ಟ್ ಆಡಲು 1994ರ ನವೆಂಬರಿನವರೆಗೆ, ಮೂರು ವರ್ಷ, ಕಾಯಬೇಕಾಯಿತು. ಕೊನೆಗೆ ಅವರ ಟೆಸ್ಟ್ ವಿಕೆಟ್ಟುಗಳ ಸಂಖ್ಯೆ 236. ಇನ್ನೂ ಸೋಜಿಗದ ಉದಾಹರಣೆ ವಿಜಯಪುರದ ರಾಜೇಶ್ವರಿ ಗಾಯಕವಾಡ್. ಅವರು ಕ್ರಿಕೆಟ್ ಆಡತೊಡಗಿದ್ದೇ ಹದಿನೆಂಟನೆಯ ವಯಸ್ಸಿನಲ್ಲಿ. ಹದಿನೆಂಟೆಂದರೆ ನಮ್ಮ ಊರುಗಳಲ್ಲಿ ಹುಡುಗಿಗೆ ಗಂಡು ನೋಡುವ ವಯಸ್ಸು. ಅವರು 2014ರಲ್ಲಿ ಭಾರತ ತಂಡಕ್ಕೆ ಬಂದರು. 2017ರ ವಿಶ್ವಕಪ್ಪಿನಲ್ಲಿ, ಡರ್ಬಿ ಪಟ್ಟಣದಲ್ಲಿ, ಸೋತರೆ ಸೆಮಿಫೈನಲ್ ಇಲ್ಲವೆಂಬ ಪಂದ್ಯದಲ್ಲಿ, ನ್ಯೂಜಿಲೆಂಡನ್ನು 79ಕ್ಕೆ ಮುಗಿಸಿದಾಗ 15 ಓಟಕ್ಕೆ 5 ವಿಕೆಟ್ ಅವರದಾಗಿತ್ತು.

ಹುಡುಗಿಯರ ಮಾತು ಬಂದದ್ದರಿಂದ ಇಲ್ಲಿಯೇ ಒಂದು ವಿಷಯ ಹೇಳಿಬಿಡುತ್ತೇನೆ. ಹುಡುಗರಲ್ಲಿ ಬೇಗ ಬೆಳೆದವನಿಗೆ ಬಯಲು ತೆರೆಯುತ್ತದೆ. ಹುಡುಗಿಯರಲ್ಲಿ ಬೇಗ ಬೆಳೆದವಳಿಗೆ ಬಯಲು ಮುಚ್ಚುತ್ತದೆ. ಏಳನೆಯ ತರಗತಿಯವರೆಗೆ ಖೋಖೋದಲ್ಲಿ ಮಿಂಚಿನಂತೆ ಓಡುತ್ತಿದ್ದವಳು ಮೈನೆರೆದ ಮೇಲೆ ಆಟದ ಹೊತ್ತಿಗೆ ಮರದ ಕೆಳಗೆ ಕುಳಿತು ಗೆಳತಿಯರ ಚೀಲ ಕಾಯುತ್ತಾಳೆ. ‘ಮನೇಲಿ ಬೇಡ ಅಂದ್ರು ಸಾರ್’ ಎಂಬ ಒಂದೇ ವಾಕ್ಯ. ಈ ವಾಕ್ಯವನ್ನು ನಾನು ಕೇಳಿದಷ್ಟು ಸಲ ಬೇರೆ ಯಾವ ವಾಕ್ಯವನ್ನೂ ಕ್ರೀಡಾಸಮಿತಿಯ ಅಧ್ಯಕ್ಷನಾಗಿ ಕೇಳಿಲ್ಲ. ಅವಳಿಗೆ ಬೇಕಾದ ತಾಳ್ಮೆ ಮೇಷ್ಟ್ರದಲ್ಲ, ಮನೆಯವರದು; ಅದು ಇನ್ನೂ ಕಷ್ಟ.

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ನಮ್ಮ ಕ್ರಿಕೆಟ್ಟಿನ ದಾಯಾದಿ ಎನ್ನಬಹುದು. ಅಲ್ಲಿ ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು 1939ರಲ್ಲಿ ಕೇರಿಯ ಮಕ್ಕಳಿಗಾಗಿ ‘ಲಿಟಲ್ ಲೀಗ್’ ಎಂಬ ಪುಟ್ಟ ಪಂದ್ಯಾವಳಿ ಆರಂಭಿಸಿದರು. ಅದು ಬೆಳೆದು ಲೋಕವನ್ನೆಲ್ಲ ವ್ಯಾಪಿಸಿ, ಹನ್ನೆರಡು ವರ್ಷದ ಮಕ್ಕಳ ವಿಶ್ವಸ್ಪರ್ಧೆಯನ್ನು ಕೋಟ್ಯಂತರ ಜನ ದೂರದರ್ಶನದಲ್ಲಿ ನೋಡುವಂತಾಯಿತು. ಮಕ್ಕಳ ಬಯಲಿನಲ್ಲಿ ಎಸೆಯುವವನು ಹೊಡೆಯುವವನಿಂದ 46 ಅಡಿ ದೂರದಲ್ಲಿ ನಿಲ್ಲುತ್ತಾನೆ; ದೊಡ್ಡವರ ಬಯಲಿನಲ್ಲಿ ಆ ದೂರ 60 ಅಡಿ 6 ಅಂಗುಲ. ಹನ್ನೆರಡಕ್ಕೇ ಮೀಸೆ ಚಿಗುರಿದ ಹುಡುಗ 46 ಅಡಿಯಿಂದ ಎಸೆದರೆ ಎದುರಿನ ಮಗುವಿಗೆ ಚೆಂಡು ಕಾಣುವುದೇ ಕಷ್ಟ. ಅವನೇ ವೀರ. ಬಯಲು ದೊಡ್ಡದಾದಾಗ, ಉಳಿದವರ ಮೈಯೂ ತುಂಬಿದಾಗ, ಅವನ ವೀರತ್ವವೆಲ್ಲ ಆ ಹದಿನಾಲ್ಕು ಅಡಿಯಲ್ಲಿ ಸೋರಿಹೋಗುವುದುಂಟು. ಜೊತೆಗೆ, ಗೆಲ್ಲುವ ಆತುರದಲ್ಲಿ ಅವನಿಂದಲೇ ಎಸೆಸಿ ಎಸೆಸಿ, ಇನ್ನೂ ಬಲಿಯದ ಮೊಣಕೈಯ ಮೂಳೆ ಸವೆದು ಎಷ್ಟೋ ಮಕ್ಕಳ ಆಟ ಹರೆಯದಲ್ಲೇ ಮುಗಿಯಿತು. ಆದ್ದರಿಂದ 2007ರಿಂದ ಆ ಸಂಸ್ಥೆ ಎಸೆತಗಳನ್ನು ಎಣಿಸುವ ನಿಯಮ ತಂದಿತು. ಹನ್ನೊಂದು-ಹನ್ನೆರಡು ವರ್ಷದವನು ದಿನಕ್ಕೆ 85 ಎಸೆತ ಮೀರುವಂತಿಲ್ಲ. ತಾಳ್ಮೆಯನ್ನು ಮನುಷ್ಯರ ಸ್ವಭಾವಕ್ಕೆ ಬಿಡದೆ ಅಂಕಿಯಲ್ಲಿ ಬರೆದಿಟ್ಟದ್ದು ನನಗೆ ಮೆಚ್ಚಿಕೆಯಾಯಿತು.

ಅದೇ ಆಟದಲ್ಲಿ ಹೊಸೆ ಆಲ್ಟುವೆ ಎಂಬವನಿದ್ದಾನೆ, ವೆನೆಜುಎಲಾ ದೇಶದವನು. ಹದಿನಾರರ ವಯಸ್ಸಿನಲ್ಲಿ ದೊಡ್ಡ ತಂಡವೊಂದರ ಆಯ್ಕೆಗೆ ಹೋದಾಗ ‘ತೀರ ಕುಳ್ಳ’ ಎಂದು ಹಿಂದಕ್ಕೆ ಕಳಿಸಿದರು. ಅವನ ತಂದೆ ಮರುದಿನ ಮತ್ತೆ ಹೋಗೆಂದರು. ಹೋದ. ಆಡಿಸಿ ನೋಡಿದರು, 2007ರಲ್ಲಿ ಬರಿಯ 15,000 ಡಾಲರಿಗೆ ತೆಗೆದುಕೊಂಡರು. 2017ರಲ್ಲಿ ಅವನು ತನ್ನ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಗೌರವ ಪಡೆದ. ಮೈಕ್ ಪಿಯಾಜಾ ಎಂಬ ಇನ್ನೊಬ್ಬನನ್ನು 1988ರ ಆಯ್ಕೆಯಲ್ಲಿ 1389 ಮಂದಿಯ ಹೆಸರು ಕರೆದ ಮೇಲೆ ಕರೆದರು. ಅದೂ ತಂಡದ ವ್ಯವಸ್ಥಾಪಕ ಅವನ ತಂದೆಯ ಸ್ನೇಹಿತನೆಂಬ ದಾಕ್ಷಿಣ್ಯಕ್ಕೆ. 2016ರಲ್ಲಿ ಅವನು ಆ ಆಟದ ಕೀರ್ತಿಮಂದಿರ ಸೇರಿದ. ಶಿಫಾರಸಿನಿಂದ ಲೋಕಕ್ಕೆ ಒಳ್ಳೆಯದಾದ ಅಪರೂಪದ ಪ್ರಸಂಗಗಳಲ್ಲಿ ಇದೊಂದು.

ಇಂಥ ಕಥೆಗಳನ್ನು ಹೇಳುವಾಗ ನನಗೊಂದು ಅಂಜಿಕೆಯೂ ಉಂಟು. ಕೇಳಿದ ತಾಯಿತಂದೆಯರು ತಮ್ಮ ಕುಳ್ಳ ಮಗನೂ ಮುಂದೊಂದು ದಿನ ಹೀಗೆಯೇ ಆಗುತ್ತಾನೆಂದು ಕಾದು ಕುಳಿತಾರು. ಹಾಗಿಲ್ಲ. ತಡವಾಗಿ ಬೆಳೆಯುವ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ, ಬೇಗ ಬೆಳೆಯುವವರ ಹಾಗೆಯೇ, ಸಾಮಾನ್ಯ ಆಟಗಾರರಾಗಿ ಉಳಿಯುತ್ತಾರೆ. ಇನ್ನೊಂದು ಕಠಿಣ ಸತ್ಯವನ್ನೂ ಹೇಳಬೇಕು. ಸಾಹಿತ್ಯದಲ್ಲಿ ಕಾಲ ಧಾರಾಳ. 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ, ಅವರ ಐವತ್ತಾರನೆಯ ವಯಸ್ಸಿನಲ್ಲಿ. ಆಟ ಅಷ್ಟು ಕಾಯುವುದಿಲ್ಲ. ಮೈಯ ಮಧ್ಯಾಹ್ನ ಚಿಕ್ಕದು. ಹನ್ನೆರಡರಿಂದ ಹದಿನೆಂಟರವರೆಗೆ ಬಯಲಿನಲ್ಲೇ ಉಳಿದವನಿಗೆ ಮಾತ್ರ ಇಪ್ಪತ್ತರಲ್ಲಿ ಅರಳುವ ಅವಕಾಶ. ಹದಿಮೂರಕ್ಕೆ ಹೊರಗೆ ಕಳಿಸಿ, ಹದಿನೇಳಕ್ಕೆ ಅವನು ಆರಡಿಯಾಗಿ ಬಂದಾಗ ‘ಅಯ್ಯೋ, ಎಲ್ಲಿದ್ದೆಯಪ್ಪ ಇಷ್ಟು ದಿನ?’ ಎಂದರೆ ಏನು ಪ್ರಯೋಜನ? ಕೈಗೆ ಚೆಂಡಿನ ರೂಢಿ ತಪ್ಪಿರುತ್ತದೆ. ಗೋಡೆಯ ಹೊರಗಿದ್ದ ಗಿಡ ಎತ್ತರವಾಗಿದ್ದರೂ ಕಸಿ ಮಾಡುವ ಕಾಲ ಮೀರಿರುತ್ತದೆ.

ಬೇಗ ಬೆಳೆದವನಿಗೂ ನಮ್ಮ ಆತುರದಿಂದ ಒಳ್ಳೆಯದಾಗುವುದಿಲ್ಲ. ಒಬ್ಬ ಹುಡುಗನನ್ನು ಬಲ್ಲೆ. ಹೈಸ್ಕೂಲಿನ ಮೂರು ವರ್ಷವೂ ತಾಲ್ಲೂಕಿಗೆ ಗುಂಡು ಎಸೆತದಲ್ಲಿ ಮೊದಲಿಗ. ಊರಿನಲ್ಲಿ ಮೆರವಣಿಗೆ, ಹಾರ, ಪತ್ರಿಕೆಯಲ್ಲಿ ಚಿತ್ರ. ತಂದೆ ಕುರಿ ಮಾರಿ ಅವನಿಗೆ ಮೊಟ್ಟೆ-ಹಾಲಿನ ವ್ಯವಸ್ಥೆ ಮಾಡಿದ್ದರು. ಅವನು ನಮ್ಮ ಕಾಲೇಜಿಗೆ ಬಂದಾಗ ಒಂಬತ್ತನೆಯ ತರಗತಿಯಲ್ಲಿದ್ದಷ್ಟೇ ಎತ್ತರವಿದ್ದ. ಅವನ ಹೊಳೆ ಆಗಲೇ ಉಕ್ಕಿ ಇಳಿದಿತ್ತು. ಅಲ್ಲಿಯವರೆಗೆ ಯಾರೂ ಅವನಿಗೆ ಕಾಲು ಹೇಗೆ ಸರಿಸಬೇಕು, ಸೊಂಟ ಹೇಗೆ ತಿರುಗಿಸಬೇಕು ಎಂದು ಕಲಿಸಿರಲಿಲ್ಲ. ಗೆಲ್ಲುತ್ತಿದ್ದವನಿಗೆ ಕಲಿಸುವುದೇನಿದೆ ಎಂಬ ಭಾವನೆ. ಎರಡನೆಯ ವರ್ಷ ಅವನು ಬಯಲಿಗೆ ಬರುವುದನ್ನು ಬಿಟ್ಟ. ತಂದೆ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೆ: ‘ಮೇಷ್ಟ್ರೇ, ನನ್ನ ಮಗ ಏನಾದರೂ ಕೆಟ್ಟ ಚಟ ಕಲ್ತನಾ?’ ಇಲ್ಲವೆಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮಗ ಹಿಂದೆ ಬಿದ್ದಿರಲಿಲ್ಲ, ಉಳಿದವರು ಬಂದು ಸೇರಿದ್ದರು ಎಂಬುದನ್ನು ಆ ಹಿರಿಯರಿಗೆ ತಿಳಿಯ ಹೇಳುವುದಕ್ಕೆ ನನಗೆ ಒಂದು ಸಂಜೆಯೆಲ್ಲ ಹಿಡಿಯಿತು.

ತಾಳ್ಮೆಯಿಲ್ಲದ ಕಡೆ ವಂಚನೆ ಕಾಲಿಡುತ್ತದೆ. ಮಗನ ವಯಸ್ಸನ್ನು ಎರಡು ವರ್ಷ ಇಳಿಸಿ ಬರೆಸಿದರೆ ಗೆಲುವು ಸುಲಭವೆಂದು ಲೆಕ್ಕ ಹಾಕುವ ಪೋಷಕರು, ಅದಕ್ಕೆ ಕಣ್ಣು ಮುಚ್ಚುವ ತರಬೇತುದಾರರು ನಮ್ಮ ದೇಶದಲ್ಲಿ ಕಡಮೆಯಿಲ್ಲ. ಹಾಗೆ ಗೆದ್ದ ಪ್ರತಿಯೊಬ್ಬನೂ ನಿಜವಾದ ವಯಸ್ಸಿನ ಒಬ್ಬ ಚಿಕ್ಕ ಹುಡುಗನ ಜಾಗದಲ್ಲಿ ನಿಂತಿರುತ್ತಾನೆ. 2015ರ ಡಿಸೆಂಬರಿನಲ್ಲಿ, ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ, ರಾಹುಲ್ ದ್ರಾವಿಡ್ ಈ ಪಿಡುಗನ್ನು ಬಹಳ ಖಂಡಿತವಾದ ಮಾತುಗಳಲ್ಲಿ ಟೀಕಿಸಿದರು. ಮಗುವಿಗೆ ನಾವು ಕಲಿಸುವ ಮೊದಲ ಪಾಠವೇ ಮೋಸವಾಗುತ್ತದೆಂಬುದು ಅವರ ಸಂಕಟ. ಕ್ರಿಕೆಟ್ ಮಂಡಳಿಯು 2012ರಿಂದ ಹದಿನಾರರೊಳಗಿನ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸನ್ನು ಅಳೆಯುತ್ತಿದೆ. ಅದು ಟ್ಯಾನರ್ ಮತ್ತು ವೈಟ್‌ಹೌಸ್ ಅವರ ಹೆಸರಿನ ಪದ್ಧತಿಯೇ. ಅದೇ ದ್ರಾವಿಡ್ ಕಿರಿಯರ ತರಬೇತುದಾರರಾಗಿದ್ದಾಗ, ಒಬ್ಬ ಹುಡುಗ ಹತ್ತೊಂಬತ್ತರೊಳಗಿನವರ ವಿಶ್ವಕಪ್ಪನ್ನು ಒಂದೇ ಸಲ ಆಡಬೇಕೆಂಬ ನಿಯಮ ಬಂತು. ಪ್ರವಾಸಕ್ಕೆ ಕರೆದೊಯ್ದ ಹುಡುಗನನ್ನು ಆಡಿಸದೆ ಹಿಂದಕ್ಕೆ ಕರೆತರಬಾರದೆಂಬುದು ಅವರ ಪಟ್ಟು. ಈ ಎರಡನೆಯದು ನನಗೆ ಮೊದಲನೆಯದಕ್ಕಿಂತ ದೊಡ್ಡದೆನಿಸುತ್ತದೆ. ಅದಕ್ಕೆ ಎಕ್ಸ್‌ರೇ ಬೇಕಿಲ್ಲ, ಖರ್ಚಿಲ್ಲ.

ಬೇರೆ ದೇಶಗಳಲ್ಲಿ ಇನ್ನೂ ಕೆಲವು ಉಪಾಯಗಳನ್ನು ಹುಡುಕಿದ್ದಾರೆ. ಬೆಲ್ಜಿಯಂ ದೇಶದ ಫುಟ್‌ಬಾಲ್ ಸಂಸ್ಥೆ ತಡವಾಗಿ ಬೆಳೆಯುವ ಹುಡುಗರಿಗೆಂದೇ ಬೇರೊಂದು ತಂಡ ಕಟ್ಟಿತು. ಇಂಗ್ಲೆಂಡಿನಲ್ಲಿ ಹುಟ್ಟಿದ ವರ್ಷವನ್ನು ಬದಿಗಿಟ್ಟು, ಬೆಳವಣಿಗೆ ಎಷ್ಟು ಪಾಲು ಮುಗಿದಿದೆ ಎಂಬುದರ ಮೇಲೆ ಮಕ್ಕಳನ್ನು ಗುಂಪು ಮಾಡಿ ಆಡಿಸಿ ನೋಡಿದ್ದಾರೆ. ಇದನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮ ಗರಡಿಯ ಉಸ್ತಾದರಿಗೆ ತಿಳಿಯದ ವಿದ್ಯೆಯೇ? ಗರಡಿಯಲ್ಲಿ ಯಾರೂ ಜನನಪತ್ರ ಕೇಳುವುದಿಲ್ಲ. ಉಸ್ತಾದರು ಹುಡುಗನ ಭುಜ ಮುಟ್ಟಿ, ತೊಡೆ ನೋಡಿ, ತೂಕ ಅಂದಾಜು ಮಾಡಿ, ಸರಿಸಮನಾದವನೊಡನೆ ಜೋಡಿ ಕಟ್ಟುತ್ತಾರೆ. ಮೈಸೂರು ದಸರೆಯ ಕುಸ್ತಿಗೆ ಮುನ್ನ ಇಂದಿಗೂ ಜೋಡಿ ಕಟ್ಟುವ ಕಾರ್ಯವೇ ಒಂದು ದೊಡ್ಡ ಸಂಭ್ರಮ. ಕಬಡ್ಡಿಯ ಕಿರಿಯರ ಪಂದ್ಯಗಳಲ್ಲಿ ವಯಸ್ಸಿನ ಜೊತೆಗೆ ತೂಕದ ಮಿತಿಯಿರುವುದೂ ಇದೇ ವಿವೇಕದಿಂದ. ಹೋಬಳಿಯ ಬಯಲಿಗೆ ಬರುವಾಗ ನಾವು ಅದನ್ನು ಗರಡಿಯಲ್ಲೇ ಬಿಟ್ಟುಬಂದೆವು.

ತಾಳ್ಮೆ ಎಂದರೆ ಸುಮ್ಮನೆ ಕುಳಿತು ಕಾಯುವುದಲ್ಲ, ಅದೊಂದು ಕೆಲಸ. ನಮ್ಮ ಕಾಲೇಜಿನಲ್ಲಿದ್ದ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರು ಅದನ್ನು ಮಾಡುತ್ತಿದ್ದರು. ಮಿತಭಾಷಿ, ನನಗಿಂತ ಹಿರಿಯರು. ಆಯ್ಕೆಯಾದವರ ಪಟ್ಟಿಯನ್ನು ಎಲ್ಲರಂತೆ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದರು. ಆಯ್ಕೆಯಾಗದವರ ಹೆಸರುಗಳನ್ನು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಹೆಸರಿನ ಮುಂದೆ ಆ ದಿನದ ಎತ್ತರ, ತೂಕ, ತಂದೆಯ ಎತ್ತರ. ಗೊತ್ತಿದ್ದರೆ ತಾಯಿಯ ಸೋದರಮಾವಂದಿರ ಎತ್ತರ ಕೂಡ. ಕೊನೆಯ ಅಂಕಣದಲ್ಲಿ ಒಂದೆರಡು ಪದ: ‘ಕೈ ಚುರುಕು’, ‘ಬಿದ್ದರೆ ಏಳುತ್ತಾನೆ’, ‘ನೋಡುವುದು ಚೆನ್ನಾಗಿದೆ’. ಪ್ರತಿ ಜನವರಿ ಮತ್ತು ಜುಲೈ ತಿಂಗಳಿನಲ್ಲಿ ಆ ಹೆಸರುಗಳನ್ನು ಕರೆಸಿ ಮತ್ತೆ ಅಳೆದು, ಸಂಜೆ ಒಂದು ಗಂಟೆ ಅವರನ್ನೇ ಎರಡು ಪಂಗಡ ಮಾಡಿ ಆಡಿಸುತ್ತಿದ್ದರು. ಆ ಆಟಕ್ಕೆ ಪ್ರೇಕ್ಷಕರಿರುತ್ತಿರಲಿಲ್ಲ, ಬಹುಮಾನವಿರುತ್ತಿರಲಿಲ್ಲ. ಪಕ್ಕದ ಹೈಸ್ಕೂಲಿನ ಹುಡುಗರಿಗೂ ಬರಲು ಅನುಮತಿ ಕೊಟ್ಟಿದ್ದರು. ‘ಇಷ್ಟು ಶ್ರಮಕ್ಕೆ ಎಷ್ಟು ಮಂದಿ ಆಟಗಾರರಾದರು?’ ಎಂದು ನಾನೊಮ್ಮೆ ಲೆಕ್ಕ ಕೇಳಿದೆ. ಅವರು ಪುಟ ತಿರುವುತ್ತ, ‘ವಿಶ್ವವಿದ್ಯಾಲಯದ ತಂಡಕ್ಕೆ ಹೋದವರು ನಾಲ್ಕು ಮಂದಿ ಸಾರ್. ಉಳಿದವರು ಆಡ್ತಾ ಇದ್ದಾರೆ’ ಎಂದರು.

ನಮ್ಮ ತಾಲ್ಲೂಕಿನ ಶಾಲೆಗಳ ಪಿ.ಟಿ. ಮೇಷ್ಟ್ರುಗಳಲ್ಲಿ, ಪಿ.ಟಿ. ಟೀಚರುಗಳಲ್ಲಿ, ನನ್ನದೊಂದು ಕೋರಿಕೆ. ಒಂದು ಲೆಕ್ಕದ ಪುಸ್ತಕ, ಗೋಡೆಗೆ ಬಡಿದ ಒಂದು ಅಳತೆಪಟ್ಟಿ, ಆರು ತಿಂಗಳಿಗೊಂದು ಸಂಜೆ. ಬರುವ ಹೋಬಳಿ ಕೂಟದಲ್ಲಿ ಬೇಡವೆನಿಸಿಕೊಂಡ ಮಕ್ಕಳ ಹೆಸರುಗಳಿಂದ ಅದು ಆರಂಭವಾಗಲಿ. ಹೆಣ್ಣುಮಕ್ಕಳಿಗೆ ಬೇರೆ ಪುಟ ಬೇಡ. ಅದೇ ಪುಟದಲ್ಲಿ, ಅಕಾರಾದಿಯಾಗಿ, ಅವರ ಹೆಸರುಗಳೂ ಬರಲಿ. ಮನೆಯಲ್ಲಿ ಬೇಡವೆಂದವರ ಹೆಸರನ್ನು ಹೊಡೆದುಹಾಕದೆ, ಎದುರಿಗೆ ಆ ಮನೆಗೆ ಹೋಗಿ ಮಾತಾಡಿಬಂದ ತಾರೀಖನ್ನು ಬರೆಯಿರಿ.